ಬಿಸ್ಕೆಟ್ ಡಬ್ಬದ ಡಾಕ್ಟರುಗಳು

"ಮಾತ್ರೆ ಬರೀಲಿಕ್ಕೆ ಆಗುದಿಲ್ಲ ಅಂದ್ರೆ ನಿನ್ನ ಅಕ್ಕ ಎಂತ ಡಾಕ್ಟ್ರು ಮಾರಾಯ?"

ಲ್ಯಾನ್ಸಿ ಇದನ್ನು ಕೇಳಿದ್ದು ನನ್ನ ಅಕ್ಕನ ಮನೆಯಲ್ಲೇ, ಅವಳು ಮಾಡಿದ ಬಿಸಿಬೇಳೆಬಾತನ್ನು ಎರಡನೇ ಸಲ ಹಾಕಿಸಿಕೊಳ್ಳುತ್ತಾ, ಅವಳ ಎದುರಿಗೇ.

ಕಾರ್ಕಳ ಕಡೆಯ ಈ ಲ್ಯಾನ್ಸಿ ದುಬೈನ ದೇರಾದ ಫ್ಲಾಟ್‌ನಲ್ಲಿ ನನ್ನ ರೂಮ್‌ಮೇಟ್. ಹೋಟೆಲೊಂದರಲ್ಲಿ ರಿಸೆಪ್ಷನಿಸ್ಟ್. ವಾರಗಟ್ಟಲೆ ಕಣ್ಣಿಗೆ ನಿದ್ದೆ ಹತ್ತದೆ, ಒಂದು ದಿನ ಗೆಸ್ಟ್ ಎದುರಿಗೇ ತೂಕಡಿಸಿದ. ಇನ್ನೊಂದು ಸಲ ಹೀಗಾದರೆ ಖಲಾಸ್, ಊರಿಗೆ ಟಿಕೆಟ್ ಎಂದ ಮ್ಯಾನೇಜರ್. ಅದಕ್ಕೇ ಶುಕ್ರವಾರ ಅವನನ್ನು ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಗೆ, ಅಕ್ಕನ ಮನೆಗೆ ಕರೆದೊಯ್ದಿದ್ದೆ.

ಅಕ್ಕ ಸೈಕಾಲಜಿಸ್ಟ್. ಎಲ್ಲರೂ ಡಾಕ್ಟರ್ ಎಂದೇ ಕರೆಯುತ್ತಾರೆ. ಆದರೆ ಮಾತ್ರೆ ಬರೆಯುವಂತಿಲ್ಲ. ಬರೆಯಲು ಮೆಡಿಕಲ್ ಓದಿದ ಸೈಕಿಯಾಟ್ರಿಸ್ಟ್ ಆಗಿರಬೇಕು. (ಎರಡು ಹೆಸರನ್ನೂ ಇಷ್ಟು ಹತ್ತಿರ ಇಟ್ಟವರನ್ನು ಒಂದು ದಿನ ವಿಚಾರಿಸಬೇಕು.)

ಕಾಲೇಜಿನ ಡಿಬೇಟ್ ಚಟ ಸುಮ್ಮನಿರುತ್ತದೆಯೇ? ಎದ್ದು ನಿಂತೆ. "ಅಮೆರಿಕದ ಕೆಲವು ರಾಜ್ಯಗಳಲ್ಲಿ ಸೈಕಾಲಜಿಸ್ಟರೂ ಬರೀಬಹುದು. ಔಷಧದ ಬಗ್ಗೆ ಬೇರೆ ಓದಬೇಕು, ಡಾಕ್ಟರ ಕೈಕೆಳಗೆ ಪಳಗಬೇಕು, ಪರೀಕ್ಷೆ ಪಾಸಾಗಬೇಕು. ಆಮೇಲೆ ಲೈಸೆನ್ಸ್. ಹಾಗಿರುವಾಗ ನೀನು..."

ಅಕ್ಕ ಚಮಚದಿಂದ ಸ್ಟೀಲ್ ಲೋಟಕ್ಕೆ ಟಣ್ ಎಂದು ಬಡಿದಳು. ನಾನು ಮನೆಯಲ್ಲಿ ಭಾಷಣ ಪ್ರಾಕ್ಟೀಸ್ ಮಾಡುವಾಗ ಬೆಲ್ ಹೊಡೆಯುತ್ತಿದ್ದವಳೂ ಇವಳೇ.

"ಅಷ್ಟೆಲ್ಲ ಓದಿದ ಮೇಲೆ ತಾನೇ? ನಾನು ಓದಿಲ್ಲ ಕಣೋ. ಟೈಮ್ ಮುಗೀತು, ಕೂತ್ಕೋ."

ಆಮೇಲೆ ಲ್ಯಾನ್ಸಿಯ ಕಡೆ ತಿರುಗಿ, "ಈಗ ಏನಾದ್ರೂ ಮಾತ್ರೆ ತಗೋತಿದ್ದೀಯೇನಪ್ಪ?" ಎಂದಳು.

"ಎಂತದೂ ಇಲ್ಲ ಅಕ್ಕ. ಡಬ್ಬದ್ದು ಮಾತ್ರ."

ಬ್ಯಾಚುಲರ್ ಫ್ಲಾಟ್‌ನಲ್ಲಿ ಇದ್ದವರಿಗೆ ಡಬ್ಬದ ಪರಿಚಯ ಬೇಡ. ಉಳಿದವರಿಗಾಗಿ ಹೇಳುತ್ತೇನೆ. ಫ್ರಿಜ್ ಮೇಲೆ ಒಂದು ಬಿಸ್ಕೆಟ್ ಡಬ್ಬ. ಬಿಸ್ಕೆಟ್ ಯಾವ ಕಾಲದಲ್ಲೋ ಮುಗಿದಿದೆ. ರಜೆ ಮುಗಿಸಿ ಬಂದವರೆಲ್ಲ ಉಳಿದ ಮಾತ್ರೆಗಳನ್ನು ಅದಕ್ಕೆ ಹಾಕುತ್ತಾರೆ. ಅರ್ಧ ಕತ್ತರಿಸಿದ ಸ್ಟ್ರಿಪ್, ಹೆಸರಿದ್ದ ಅರ್ಧ ಇನ್ನೆಲ್ಲೋ. "ಇದು ತಗೋ, ನನಗೆ ಆಗಿತ್ತು" ಎಂಬುದೇ ನಮ್ಮ ಪ್ರಿಸ್ಕ್ರಿಪ್ಷನ್.

ಲ್ಯಾನ್ಸಿ ಒಂದೊಂದಾಗಿ ಹೇಳುತ್ತಾ ಹೋದ. ಎ.ಸಿ.ಗೆ ಮೂಗು ಕಟ್ಟುತ್ತದೆಂದು ಒಬ್ಬ ಕೊಟ್ಟ ನೆಗಡಿ ಮಾತ್ರೆ, ಬೆಳಿಗ್ಗೆ ಮತ್ತು ಮಲಗುವ ಮುಂಚೆ. ಗ್ಯಾಸಿಗೆ ಇನ್ನೊಬ್ಬನದು. ಕೆಂಪಗಿನದು ಶಕ್ತಿಗೆ. "ನಿದ್ರೆದ್ದು ಮಾತ್ರ ಡಬ್ಬದಲ್ಲಿಲ್ಲ ಅಕ್ಕ. ಮುಂದಿನ ವಾರ ಊರಿಂದ ಒಬ್ಬ ಬರ್ತಾನೆ, ಅವನತ್ರ ತರಿಸುದು."

ಅಕ್ಕ ಚಮಚ ಕೆಳಗಿಟ್ಟಳು. "ಚೀಟಿ ಇಲ್ಲದೆ ತಂದ್ರೆ ಏರ್‌ಪೋರ್ಟಲ್ಲೇ ಕೂರಿಸ್ತಾರೆ ಅವನನ್ನ. ಈಗ್ಲೇ ಫೋನ್ ಮಾಡಿ ಬೇಡ ಅನ್ನು."

ಮಾಡಿದ. ಆದರೆ ಸೈಕಿಯಾಟ್ರಿಸ್ಟರಿಗೆ ತೋರಿಸು ಎಂದು ಅಕ್ಕ ಅಂದ ಕೂಡಲೇ ಅವನ ಮುಖ ಬಾಡಿತು. "ಹುಚ್ಚಿನ ಡಾಕ್ಟ್ರ ಹತ್ರ ಹೋದದ್ದು ಗೊತ್ತಾದ್ರೆ ನನಗೆ ಹೆಣ್ಣು ಯಾರು ಕೊಡ್ತಾರೆ?"

"ಕ್ಲಿನಿಕ್‌ನಲ್ಲಿ ಅವರ ರೂಮು ನನ್ನ ರೂಮಿನ ಪಕ್ಕ. ವೇಟಿಂಗ್ ರೂಮ್ ಇಬ್ಬರಿಗೂ ಒಂದೇ. ಯಾರಾದ್ರೂ ಕೇಳಿದ್ರೆ, ಫ್ರೆಂಡ್ ಅಕ್ಕನಿಗೆ ಉಪ್ಪಿನಕಾಯಿ ಕೊಡೋಕೆ ಬಂದೆ ಅನ್ನು."

"ಉಪ್ಪಿನಕಾಯಿ ನಿಜವಾಗಿ ತರ್ಬೇಕಾ?"

"ತಂದ್ರೆ ಬೇಡ ಅನ್ನಲ್ಲ."

ಮಿಡಿ ಉಪ್ಪಿನಕಾಯಿ ಹಿಡಿದುಕೊಂಡು ಹೋದ. ನಿದ್ದೆಗೊಂದು ಮಾತ್ರೆ ಸಿಕ್ಕೀತೆಂದು ಕಾದವನಿಗೆ, ಬರೆಯುವ ಅಧಿಕಾರವಿದ್ದ ಆ ಡಾಕ್ಟರು ಏನನ್ನೂ ಬರೆಯಲಿಲ್ಲ. ಡಬ್ಬದ ಮಾತ್ರೆಗಳನ್ನು ನಿಲ್ಲಿಸಿದರು. ಆ ನೆಗಡಿ ಮಾತ್ರೆಯ ಗುಣವೇ ನಿದ್ದೆಗೆಡಿಸುವುದಂತೆ. ಉಳಿದದ್ದನ್ನು ಪಕ್ಕದ ರೂಮಿನಲ್ಲಿ ಅಕ್ಕ ಮಾತಾಡಿ, ಬೈದು, ಟೀ ಕಡಿಮೆ ಮಾಡಿಸಿ ಸರಿಮಾಡಿದಳು.

ಹಾಗೆಂದು ನನ್ನ ವಾದ ಬಿಟ್ಟಿಲ್ಲ. ಸರಿಯಾಗಿ ಓದಿ, ಪಳಗಿ, ಪಾಸಾದವರಿಗೆ ಲೈಸೆನ್ಸ್ ಕೊಡಲಿ. ಸೈಕಿಯಾಟ್ರಿಸ್ಟರ ಆ ಎರಡನೇ ಬಾಗಿಲು ದಾಟದೆ ವಾಪಸ್ ಹೋಗುವ ಲ್ಯಾನ್ಸಿಗಳೆಷ್ಟೋ. ಎಲ್ಲರಿಗೂ ಇಂಥ ಅಕ್ಕ ಇರುತ್ತಾಳೆಯೇ? ಆದರೆ ಒಂದು ಅನುಮಾನ ಬಿಡುತ್ತಿಲ್ಲ. ಈ ಇಡೀ ಕಥೆಯಲ್ಲಿ "ನನಗೆ ಅಧಿಕಾರ ಇಲ್ಲ" ಎಂದವಳು ವರ್ಷಗಟ್ಟಲೆ ಓದಿದವಳೊಬ್ಬಳೇ. ಫ್ಲಾಟ್‌ನಲ್ಲಿ ನಮಗ್ಯಾರಿಗೂ ಆ ಸಂಕೋಚ ಬಂದಿರಲಿಲ್ಲವಲ್ಲ?

ಲ್ಯಾನ್ಸಿಯ ಕೆಲಸ ಉಳಿಯಿತು. ನಿದ್ದೆ ಎಷ್ಟು ಚೆನ್ನಾಗಿ ಬರುತ್ತಿದೆಯೆಂದರೆ ಅವನ ಗೊರಕೆಗೆ ನನ್ನದು ಹೋಗಿದೆ. ಮೊನ್ನೆ ಬೆಳಿಗ್ಗೆ ತಲೆ ಸಿಡಿಯುತ್ತಿತ್ತು. ಅಭ್ಯಾಸಬಲದಿಂದ ಕೈ ಫ್ರಿಜ್ ಮೇಲೆ ಹೋಯಿತು.

ಟೈ ಕಟ್ಟಿಕೊಳ್ಳುತ್ತಿದ್ದ ಲ್ಯಾನ್ಸಿ ಕನ್ನಡಿಯಿಂದ ಕಣ್ಣು ತೆಗೆಯದೆ ಕೇಳಿದ: "ಲೈಸೆನ್ಸ್ ಉಂಟಾ?"