ಬೇಸಿನ್ನಿನಲ್ಲಿ ಹನ್ನೊಂದು ಮೊಟ್ಟೆ

ಮೊಟ್ಟೆಯೊಳಗೆ ಜೀವ ಉಂಟೋ ಇಲ್ಲವೋ ಎಂದು ನೋಡುವುದನ್ನು ನನಗೆ ಕಲಿಸಿದವರು ಅತ್ತೆ. ಕಲಿಸಬೇಕಾಗಿ ಬಂದದ್ದು ನನ್ನ ತಪ್ಪಿನಿಂದ.

ನನ್ನ ತವರು ಬಿ.ಸಿ.ರೋಡ್ ಪೇಟೆಯಲ್ಲಿ, ಅಂಗಡಿಯ ಮಾಳಿಗೆಯ ಮೇಲೆ. ಕೋಳಿ ಸಾಕಲು ಅಲ್ಲಿ ಜಾಗವೇ ಇರಲಿಲ್ಲ. ಮದುವೆಯಾಗಿ ಸಿದ್ಧಕಟ್ಟೆಗೆ ಬಂದ ಎರಡನೇ ವರ್ಷ, ಅತ್ತೆ ಬೆಳ್ತಂಗಡಿ ಕಡೆಯ ತಮ್ಮ ತವರಿನಿಂದ ಒಂದು ಕಪ್ಪು ಹೇಂಟೆಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು. ಅವರ ತಾಯಿ ಸಾಕಿದ ಕೋಳಿಗಳ ಸಂತತಿಯಲ್ಲಿ ಉಳಿದದ್ದು ಅದೊಂದೇ. ಅದರದೇ ಒಂಬತ್ತು ಮೊಟ್ಟೆಗಳಿಗೆ ಮಸಿಯಿಂದ ಒಂದೊಂದು ಗೆರೆ ಎಳೆದು ಕಾವಿಗೆ ಕೂರಿಸಿದರು. ಗೆರೆ ಏಕೆಂದು ನಾನು ಕೇಳಲೂ ಇಲ್ಲ.

ಹದಿನೆಂಟನೇ ದಿನ ಅತ್ತೆ ಮೂಡುಬಿದಿರೆಗೆ ಮಗಳ ಮನೆಗೆ ಹೋಗಿದ್ದರು. ಮರುದಿನ ಸಂಕ್ರಮಣ. ನೆಲ, ಬಾಗಿಲು ಎಲ್ಲ ಒರೆಸುತ್ತ ಹೋದವಳಿಗೆ ಕೋಳಿಯ ಬುಟ್ಟಿಯೂ ಕಂಡಿತು. ಹೇಂಟೆ ಕಾಳು ತಿನ್ನಲು ಎದ್ದ ಹೊತ್ತಿನಲ್ಲಿ ಒದ್ದೆ ಬಟ್ಟೆಯಿಂದ ಮೊಟ್ಟೆಗಳನ್ನೂ ಒರೆಸಿಬಿಟ್ಟೆ.

ಸಂಜೆ ಅತ್ತೆ ಬಂದವರೇ ಬುಟ್ಟಿಗೆ ಇಣುಕಿದರು. "ಗೆರೆ ಎಲ್ಲಿ ಹೋಯ್ತು?"

"ಮಸಿಯಾಗಿತ್ತು ಅತ್ತೆ, ಒರೆಸಿದೆ."

"ಅಯ್ಯೋ ಮಾರಾಯ್ತಿ! ನಮ್ಮ ಬೇರೆ ಕೋಳಿಗಳೂ ಇದರಲ್ಲೇ ಮೊಟ್ಟೆ ಇಟ್ಟು ಹೋಗ್ತವೆ. ಹೊಸತು ಯಾವುದೂಂತ ಗೊತ್ತಾಗ್ಲಿಕ್ಕೆ ಆ ಗೆರೆ. ನೋಡು, ಈಗ ಹನ್ನೊಂದು ಉಂಟು. ಅದೂ ತಣ್ಣೀರಲ್ಲಿ ಒರೆಸಿದ್ದಾ?"

ಹೌದೆಂದು ತಲೆಯಾಡಿಸಿದೆ. ದೇವರಿಗೆ ದೀಪ ಹಚ್ಚಲು ಹೋದರೆ ಕಡ್ಡಿ ಗೀರಲು ಕೈ ಬರಲಿಲ್ಲ. ಶುದ್ಧ ಮಾಡುತ್ತೇನೆಂದು ಹೋಗಿ ಒಂಬತ್ತು ಜೀವಗಳನ್ನು ತೆಗೆದೆನೋ ಏನೋ.

"ಅಳುವುದು ಆಮೇಲೆ. ಬಿಸಿನೀರು ತಾ, ಮಗುವನ್ನು ಮೀಯಿಸುವಷ್ಟು ಬೆಚ್ಚಗೆ ಸಾಕು," ಎಂದರು ಅತ್ತೆ.

ಬೇಸಿನ್ನಿಗೆ ಮೊಟ್ಟೆಗಳನ್ನು ಒಂದೊಂದಾಗಿ ಬಿಟ್ಟರು. ಎರಡು ಸೀದಾ ತಳ ಸೇರಿದವು. "ಇವು ಹೊಸತು, ಅಡುಗೆಗೆ." ಉಳಿದ ಒಂಬತ್ತು ತೇಲಿದವು, ತೇಲಿದ್ದೇ ಕುಣಿಯತೊಡಗಿದವು.

"ಎಲ್ಲದಕ್ಕೂ ಜೀವ ಉಂಟು ಅತ್ತೆ!"

"ಬೇಸಿನ್ ಹಿಡ್ಕೊಂಡ ನಿನ್ನ ಕೈ ನಡುಗ್ತಾ ಉಂಟು. ನೆಲದಲ್ಲಿ ಇಡು. ನೀರು ನಿಲ್ಲಲಿ."

ಇಟ್ಟೆ. ನೀರು ನಿಂತಿತು, ಮೊಟ್ಟೆಗಳೂ ನಿಂತವು. ಒಂದೂ ಅಲುಗಲಿಲ್ಲ. ಇಬ್ಬರೂ ಕುಕ್ಕರುಗಾಲಲ್ಲಿ ಕುಳಿತು ನೋಡಿದೆವು. ಧರ್ಮಸ್ಥಳದ ಸ್ವಾಮಿಯನ್ನು ಮನಸ್ಸಿನಲ್ಲೇ ನೆನೆದೆ. ಬಾಯಿ ತೆರೆದರೆ ನನ್ನ ಉಸಿರಿಗೇ ನೀರು ಅಲುಗೀತೆಂದು ಹೆದರಿಕೆ.

ಬದಿಯಲ್ಲಿದ್ದ ಒಂದು ಮೊಟ್ಟೆ ಯಾರೋ ಒಳಗಿನಿಂದ ಮೊಣಕೈಯಲ್ಲಿ ತಿವಿದ ಹಾಗೆ ಓರೆಯಾಯಿತು. ಆಮೇಲೆ ಇನ್ನೊಂದು. ಅತ್ತೆ ಬೆರಳು ಮಡಚುತ್ತ ಹೋದರು. ಎಂಟಕ್ಕೆ ನಿಂತರು. ಒಂಬತ್ತನೆಯದಕ್ಕಾಗಿ ನೀರು ಆರುವವರೆಗೂ ಕಾಯೋಣವೆಂದೆ.

"ಬೇಡ. ಇದೊಂದಕ್ಕಾಗಿ ಉಳಿದದ್ದಕ್ಕೆ ಶೀತ ಆಗ್ತದೆ," ಎಂದು ಅತ್ತೆ ಎಂಟನ್ನೂ ಸೆರಗಿನಲ್ಲಿ ಒರೆಸಿ ಹೇಂಟೆಯ ಹೊಟ್ಟೆಯಡಿ ಸೇರಿಸಿದರು. ಅಲುಗದ ಆ ಒಂದನ್ನು ನಾನೇ ತೆಂಗಿನ ಬುಡದಲ್ಲಿ ಹೂತು ಬಂದೆ. ಅದು ನನ್ನ ಬಟ್ಟೆಯಿಂದ ಹೋದದ್ದೋ, ಮೊದಲೇ ಹೋಗಿತ್ತೋ, ದೇವರಿಗೇ ಗೊತ್ತು.

ಮೂರು ದಿನ ಕಳೆದು ನಾದಿನಿ ಮೂಡುಬಿದಿರೆಯಿಂದ ಅತ್ತೆಗೆ ಫೋನು ಮಾಡಿ, ಅಜ್ಜಿಯ ಕೋಳಿಯದ್ದು ಏನಾಯಿತೆಂದು ಕೇಳಿದಳು. ನಾನು ಒಲೆಯ ಮುಂದೆ ಕೈಕಟ್ಟಿ ನಿಂತೆ. ಅತ್ತೆ ನನ್ನತ್ತ ತಿರುಗದೆಯೇ ಹೇಳಿದರು: "ಎಂಟು ಮರಿ ಉಂಟು. ನಾನು ನಿನ್ನ ಮನೆಗೆ ಬಂದಿದ್ದಾಗ ನೋಡಿಕೊಂಡದ್ದು ಇವಳೇ."