ಭಾವ ರೌಟರ್ ಹಿಡಿದ ದಿನಗಳು

ಭಾವ ನಿವೃತ್ತರಾದ ದಿನವೇ ನಾನು ಅಕ್ಕನಿಗೆ ಹೇಳಿದ್ದೆ, "ಇನ್ನು ಈ ಮನೇಲಿ ಒಂದು ಮೊಳೆನೂ ನೆಮ್ಮದಿಯಾಗಿರಲ್ಲ ನೋಡು" ಅಂತ.

ಮೂವತ್ತೊಂದು ವರ್ಷ ನೀರು ಸರಬರಾಜಿನಲ್ಲಿ ವಾಲ್ವ್ ತಿರುಗಿಸಿದ ಮನುಷ್ಯ. ಎದೆಯುದ್ದದ ಕಬ್ಬಿಣದ ಚಾವಿ ಹೆಗಲಿಗೇರಿಸಿಕೊಂಡು ದಿನಕ್ಕೆ ಹದಿನಾಲ್ಕು ಬೀದಿ ಸುತ್ತುತ್ತಿದ್ದರು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವರು. ಕೆಲಸ ಮುಗಿಯಿತು, ಚಕ್ರ ಕಳಚಲಿಲ್ಲ. ಮೊದಲ ತಿಂಗಳಲ್ಲೇ ಮನೆಯ ಬಾಗಿಲುಗಳನ್ನೆಲ್ಲ ಕಳಚಿ ಮತ್ತೆ ಕೂರಿಸಿದರು. ಅದರಲ್ಲಿ ಒಂದು ಇವತ್ತಿಗೂ ಪೂರ್ತಿ ಮುಚ್ಚುವುದಿಲ್ಲ.

ಅಷ್ಟರಲ್ಲಿ ಅಕ್ಕನ ಕೆಲಸಕ್ಕೆ ಸಂಚಕಾರ ಬಂತು. ಅಕ್ಕ ಹಿಂದಿನ ಕೋಣೆಯಲ್ಲಿ ಕೂತು ಆಸ್ಪತ್ರೆಗಳಿಗೆ ದುಭಾಷಿಯಾಗಿ ದುಡಿಯುತ್ತಾಳೆ. ವೈದ್ಯರದ್ದು ಒಂದು ಭಾಷೆ, ರೋಗಿಯದ್ದು ಇನ್ನೊಂದು. ವಿಡಿಯೊ ಕರೆಯಲ್ಲಿ ಇವಳು ನಡುವೆ. ಕೆಲವು ವಾರಗಳಿಂದ ಇವಳ ಮಾತು ಆಚೆ ತುದಿಗೆ ಎರಡು ಸೆಕೆಂಡ್ ತಡವಾಗಿ ಮುಟ್ಟುತ್ತಿತ್ತು. ಅಷ್ಟರಲ್ಲಿ ವೈದ್ಯರು ಮುಂದಿನ ಪ್ರಶ್ನೆ ಶುರು ಮಾಡಿರುತ್ತಿದ್ದರು, ಮಾತಿನ ಮೇಲೆ ಮಾತು ಬಿದ್ದು ಎಲ್ಲ ಕಲಸುಮೇಲೋಗರ. ಎರಡು ದೂರು ಹೋದವು. ಬರುವ ಶುಕ್ರವಾರ ಮೇಲ್ವಿಚಾರಕಿಯೇ ಕರೆಯಲ್ಲಿ ಕೂತು ನೋಡುತ್ತಾರೆ, ಅವತ್ತೂ ಹೀಗಾದರೆ ಪಟ್ಟಿಯಿಂದ ಹೆಸರು ತೆಗೆಯುತ್ತೇವೆ ಎಂದು ಕಚೇರಿಯಿಂದ ಸಂದೇಶ ಬಂತು. ನಲವತ್ತೆಂಟನೇ ವಯಸ್ಸಿನಲ್ಲಿ ಅಕ್ಕನಿಗೆ ಸಿಕ್ಕಿದ ಮೊದಲ ಕೆಲಸ ಅದು. ಅವಳು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದುದು ನನಗೆ ಕೇಳಿಸಿತ್ತು.

"ಅಷ್ಟು ವೇಗದ ಇಂಟರ್ನೆಟ್ ಲೈನ್ ಹಾಕ್ಸಿದೀವಲ್ಲ, ಮತ್ಯಾಕೆ ತಡ?" ಎಂದು ಭಾವ ಮಗಳನ್ನು ಹಿಡಿದರು. ಅವಳು ಕಾಲೇಜಿನ ಕೆಲಸವೆಂದು ದಿನವಿಡೀ ವಿಡಿಯೊ ಮಾಡಿ ಮಾಡಿ ಕಳಿಸುವವಳು.

"ವೇಗ ಸಾಲ್ದು ಅಂತಲ್ಲಪ್ಪ. ಲೈನ್ ತುಂಬಿದಾಗ ಸರದಿ ನಿಲ್ಲತ್ತೆ. ಅಮ್ಮನ ಮಾತು ನನ್ನ ವಿಡಿಯೊ ಹಿಂದೆ ಕಾಯ್ತಿರತ್ತೆ. ಒಟ್ಟು ಮಿತಿ ಒಂಚೂರು ಕೆಳಗಿಟ್ಟು, ಯಾರನ್ನ ಮೊದ್ಲು ಬಿಡ್ಬೇಕು ಅಂತ ರೌಟರ್‌ಗೆ ಹೇಳ್ಬೇಕು."

"ಅಂದ್ರೆ ವಾಲ್ವು!" ಎಂದರು ಭಾವ. ಅವರ ಕಣ್ಣಲ್ಲಿ ಅಂಥ ಬೆಳಕು ನೋಡಿ ತಿಂಗಳುಗಳಾಗಿದ್ದವು. ನಾನು ಮಾತ್ರ ಮನಸ್ಸಿನಲ್ಲೇ ದೇವರಿಗೆ ಕೈಮುಗಿದೆ.

ಮಿತಿ ಇಪ್ಪತ್ತು ಎಂಬಿ ಇದ್ದದ್ದು ಹತ್ತೊಂಬತ್ತಾಯಿತು, ಹದಿನೆಂಟಾಯಿತು, ಮತ್ತೆ ಹತ್ತೊಂಬತ್ತೂವರೆಯಾಯಿತು. ಪ್ರತಿ ಸಲವೂ ರೌಟರ್ ಆರಿ ಹತ್ತಬೇಕು, ಅಲ್ಲಿಯವರೆಗೆ ಇಡೀ ಮನೆ ಬಾಯಿ ಮುಚ್ಚಿಕೊಂಡಿರಬೇಕು. ಭಾವ ಬಾಲ ಸುಟ್ಟ ಬೆಕ್ಕಿನ ಹಾಗೆ ಹಜಾರದ ತುಂಬ ಓಡಾಡುತ್ತ, "ಈಗ ಎಲ್ಲಾರೂ ವಿಡಿಯೊ ಹಾಕಿ! ಈಗ ನಿಲ್ಸಿ!" ಎಂದು ಕೂಗುವರು. ಮೂರನೇ ದಿನ ನಾನು ರೇಗಿದೆ.

"ಭಾವ, ನಾನು ನಿಮ್ಮ ನಾದಿನಿ. ನಲ್ಲಿ ಅಲ್ಲ."

"ಇದೊಂದ್ಸಲ, ಇದೊಂದೇ ಸಲ" ಎಂದು ಹದಿನೇಳಕ್ಕಿಟ್ಟರು. ಅವರ ಲ್ಯಾಪ್‌ಟಾಪಿನಲ್ಲಿ ತಡ ಎರಡು ಸಾವಿರ ಮಿಲಿಸೆಕೆಂಡಿನಿಂದ ಮೂವತ್ತಕ್ಕಿಳಿಯಿತು. ಅರವತ್ತರ ಮನುಷ್ಯ ಕುಣಿದೇಬಿಟ್ಟರು.

ಮಾರನೇ ದಿನ ಅಕ್ಕನ ಕರೆ ಎಂದಿನಂತೆ ಒದ್ದಾಡಿತು. ಅವಳು ಹೊರಗೆ ಬಂದು, "ನಿಮ್ಮ ಮೂವತ್ತು ನಿಮ್ಮ ಹತ್ರಾನೇ ಇಟ್ಕೊಳ್ಳಿ" ಎಂದಳು.

"ನಂಬರ್ ಸುಳ್ಳು ಹೇಳಲ್ಲ ಕಣೆ. ನೀನೇ ಹೇಳಕ್ಕೆ ತಡ ಮಾಡ್ತಿರ್ಬೇಕು."

ನನಗೆ ಮೈಯೆಲ್ಲ ಉರಿದುಹೋಯಿತು. ಅಕ್ಕ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಎರಡು ದಿನ ಅವರೊಂದಿಗೆ ಮಾತೂ ಆಡಲಿಲ್ಲ.

ಗುರುವಾರ ಬೆಳಿಗ್ಗೆ ಭಾವ ಮತ್ತೆ ಅದೇ ಹಜಾರದ ಮೂಲೆಯಲ್ಲಿ, ರೌಟರ್ ಪಕ್ಕದಲ್ಲೇ ಕೂತು ಅಳೆಯುತ್ತಿದ್ದರು. ನಾನು ಕೆಣಕಿದೆ: "ನೀರು ಸರಿಯಾಗಿ ಬರ್ತಿದ್ಯಾ ಅಂತ ಟ್ಯಾಂಕ್ ಹತ್ರ ನಿಂತು ನೋಡ್ತಿದ್ರಾ ಭಾವ?"

"ಟ್ಯಾಂಕ್ ಹತ್ರ ಯಾವ ಪೆದ್ದ ನೋಡ್ತಾನೆ? ಬೀದಿ ಕೊನೇ ಮನೆಗೆ ಹೋಗಿ, ಅಲ್ಲಿ ನಲ್ಲಿ..." ಎಂದ ಅವರ ಮಾತು ಅಲ್ಲಿಗೇ ತುಂಡಾಯಿತು.

ಎದ್ದು ಸೀದಾ ಅಕ್ಕನ ಕೋಣೆಗೆ ಹೋದರು. ಅಷ್ಟು ದಿನದಲ್ಲಿ ಒಮ್ಮೆಯೂ ಅವಳ ಕುರ್ಚಿಯಲ್ಲಿ ಕೂತು, ಅವಳ ಕಂಪ್ಯೂಟರಿನಲ್ಲಿ ಅಳೆದಿರಲಿಲ್ಲ. ಕೂತು ನೋಡಿದರೆ ಸಾವಿರದ ಒಂಬೈನೂರ ಎಂಬತ್ತು! ಮೊದಲು ಬಿಡಬೇಕಾದ ಯಂತ್ರ ಯಾವುದೆಂದು ರೌಟರ್ ಕೇಳಿದಾಗ ಭಾವ ತಾವು ಅಳೆಯುತ್ತಿದ್ದ ಲ್ಯಾಪ್‌ಟಾಪನ್ನೇ ಆರಿಸಿದ್ದರು. ಮನೆಯಲ್ಲಿ ಎಲ್ಲರಿಗಿಂತ ಮುಂದೆ ಹೋಗುತ್ತಿದ್ದದ್ದು ಅವರ ಪರೀಕ್ಷೆ, ಹಿಂದೆ ನಿಂತಿದ್ದದ್ದು ಅಕ್ಕನ ಮಾತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಕಥೆ. ಅದನ್ನು ಬದಲಿಸಿ, ಮಗಳಿಂದ ಎರಡು ದೊಡ್ಡ ವಿಡಿಯೊ ಕಳಿಸಿಸಿ, ಅಕ್ಕನ ಕುರ್ಚಿಯಲ್ಲೇ ಮತ್ತೆ ಅಳೆದರು. ಮೂವತ್ತೊಂದು. ಈ ಸಲ ಕುಣಿಯಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು, "ತಪ್ಪು ನಂದೇ ಕಣೆ" ಎಂದರು. ಅಕ್ಕ ತರಕಾರಿ ಹೆಚ್ಚುವುದನ್ನು ನಿಲ್ಲಿಸದೆ ತಲೆಯಾಡಿಸಿದಳು.

ಶುಕ್ರವಾರ ಹನ್ನೊಂದಕ್ಕೆ ಕರೆ. ಭಾವ ಕೋಣೆಯ ಹೊರಗೆ ಆಚೆಗೆ ಏಳು ಹೆಜ್ಜೆ, ಈಚೆಗೆ ಏಳು ಹೆಜ್ಜೆ. ಒಳಗಿನಿಂದ ಅಕ್ಕನ ದನಿ ಎಲ್ಲೂ ತಡೆಯದೆ ಹರಿದು ಬರುತ್ತಿತ್ತು. ಮುಕ್ಕಾಲು ಗಂಟೆಯ ಮೇಲೆ ಬಾಗಿಲು ತೆರೆಯಿತು.

"ಒಂದು ಮಾತೂ ತಡ ಆಗ್ಲಿಲ್ವಂತೆ. ಮುಂದುವರಿಸಿ ಅಂದ್ರು."

ಭಾವ ತೊಡೆ ತಟ್ಟಿಕೊಂಡರು. ಅಕ್ಕನ ಮುಖ ಮಾತ್ರ ಬಿಳಿಚಿಕೊಂಡಿತ್ತು. ಅವಳು ಹೊಸ್ತಿಲಲ್ಲೇ ಕೂತಳು.

"ಆರು ವರ್ಷದ ಮಗು. ಇನ್ನೇನೂ ಮಾಡಕ್ಕೆ ಉಳಿದಿಲ್ಲ ಅಂತ ಅದರ ತಾಯಿಗೆ ಹೇಳ್ಬೇಕಿತ್ತು" ಎಂದಳು. ಸೆರಗಿನ ತುದಿ ಬೆರಳಿಗೆ ಸುತ್ತುತ್ತ, "ಮೊದಲಾಗಿದ್ರೆ ನಾನು ಹೇಳಿದ್ಮೇಲೂ ಎರಡು ಸೆಕೆಂಡ್ ಅವಳ ಮುಖ ಹಾಗೇ ಇರ್ತಿತ್ತು. ಇವತ್ತು ನಾನು ಬಾಯಿ ಮುಚ್ಚೋ ಮೊದ್ಲೇ ಮುಟ್ಟಿಬಿಡ್ತು."

ಭಾವ ರೌಟರ್ ಕಡೆ ಒಂದು ಸಲ ನೋಡಿದರು. ಏನಾದರೂ ಮಾಡಲೇಬೇಕೆಂಬ ಅವರ ರೋಗಕ್ಕೆ ಅಲ್ಲಿ ಮಾಡಲು ಏನೂ ಇರಲಿಲ್ಲ.

"ಮತ್ತೆ ಇಪ್ಪತ್ತಕ್ಕೆ ಇಡ್ಲೇನೆ?" ಎಂದರು, ಮಗುವಿನ ಹಾಗೆ.

"ಬೇಡ. ಅಷ್ಟು ದೊಡ್ಡ ಮಾತು ಅರ್ಧಂಬರ್ಧ ಕೇಳಿಸಬಾರದು ಯಾವ ತಾಯಿಗೂ." ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಎರಡು ಗಂಟೆಗೆ ಇನ್ನೊಂದು ಕರೆ ಇದೆ. ಅಲ್ಲೀವರೆಗೂ ಏನೂ ರಿಪೇರಿ ಮಾಡ್ಬೇಡಿ. ಇಲ್ಲೇ ಕೂತಿರಿ."

ಭಾವ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತರು. ನಾನು ಎರಡು ಸಲ ಊಟಕ್ಕೆ ಕರೆದೆ, ಏಳಲಿಲ್ಲ.