ಬಿಸಿಲಿಗೆ ನಿಲ್ಲದ ಅರಗು

ಚನ್ನಪಟ್ಟಣದ ನಮ್ಮ ಕೇರಿಯ ಮೂಲೆಯಲ್ಲಿ ಮೊದಲು ಕಸದ ಗುಡ್ಡೆ ಇತ್ತು. ಈಗ ಅಲ್ಲೊಂದು ಕಂಬ ಇದೆ. ನನ್ನನ್ನು ಕೇಳಿದರೆ ಕಸವೇ ವಾಸಿ ಇತ್ತು. ಅದು ಯಾರ ಮಾನವನ್ನೂ ತೆಗೆದಿರಲಿಲ್ಲ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಮದುವೆಯಾಗಿ ಈ ಕೇರಿಗೆ ಬಂದ ಮೇಲೆ ಕಲಿತದ್ದು ಒಂದೇ ಕೆಲಸ. ಗೊಂಬೆಗೆ ಹಚ್ಚುವ ಅರಗನ್ನು ಕೆಂಡದ ಮೇಲೆ ಕಾಯಿಸಿ, ಬಣ್ಣ ಸೇರಿಸಿ, ಎಳೆದು ನಾದಿ, ಕಡ್ಡಿ ಮಾಡುವುದು. ಎದುರು ಮನೆಯ ಸಾಬರ ಕಾರ್ಖಾನೆಯ ಬಾಗಿಲ ಪಕ್ಕದಲ್ಲಿ ನನ್ನ ಚಾಪೆ. ಒಳಗೆ ಅವರು ಯಂತ್ರಕ್ಕೆ ಸಿಕ್ಕಿಸಿ ಮರ ಕಡೆಯುವರು. ತಿರುಗುವ ಮರಕ್ಕೆ ನನ್ನ ಕಡ್ಡಿ ಒತ್ತಿದರೆ ಅರಗು ಕರಗಿ ಹತ್ತಿಕೊಳ್ಳುವುದು. ಮೇಲೆ ಕೇದಗೆ ಎಲೆಯಲ್ಲಿ ತಿಕ್ಕಿದರೆ ಮುಖ ಕಾಣುವಷ್ಟು ಹೊಳಪು. ಗಂಡ ಸತ್ತ ಮೇಲೂ ಹದಿನಾರನೇ ದಿನಕ್ಕೆ ಹೋಗಿ ಆ ಚಾಪೆಯ ಮೇಲೆ ಕೂತವಳು ನಾನು. ಮನೆಯಲ್ಲಿ ಕೂತು ಏನು ಮಾಡಲಿ?

ಕೇರಿಯನ್ನು ಚೆಂದ ಮಾಡುವ ಯೋಜನೆ ಅಂತ ಬಂತು. ಕಸ ಎತ್ತಿಸಿ ಅಲ್ಲೊಂದು ಕಲಾಕೃತಿ ನಿಲ್ಲಿಸಲು ಬೆಂಗಳೂರಿನಿಂದ ನಡುವಯಸ್ಸಿನ ಕಲಾವಿದೆಯೊಬ್ಬಳು ಬಂದಳು. ಮಕ್ಕಳು ಕೋಲಿಗೆ ಬಳೆ ಪೋಣಿಸುವ ಆಟದ ಸಾಮಾನು ಇದೆಯಲ್ಲ, ಅದನ್ನೇ ಎರಡಾಳು ಎತ್ತರಕ್ಕೆ ಮಾಡೋಣ, ಬಳೆಗಳನ್ನು ನೀವೇ ಕಡೆದುಕೊಡಿ ಅಂದಳು. ಒಳ್ಳೆಯ ಮಾತೇ. ಪ್ಲಾಸ್ಟಿಕ್ ಗೊಂಬೆ ಬಂದ ಮೇಲೆ ಸಾಬರ ಯಂತ್ರ ವಾರದಲ್ಲಿ ಎರಡು ದಿನ ತಿರುಗಿದರೆ ಹೆಚ್ಚು ಅನ್ನುವ ಹಾಗಾಗಿತ್ತು.

ಕಾರ್ಖಾನೆಯ ಅಂಗಳದಲ್ಲಿ ಎಲ್ಲರೂ ಸೇರಿದೆವು.

"ಬಣ್ಣ ಮಾತ್ರ ಕಾರಿಗೆ ಹೊಡೆಯೋ ಪೇಂಟೇ ಇರಲಿ. ಬಿಸಿಲು ಮಳೆಗೆ ತಡೆಯುತ್ತೆ" ಅಂದಳು ಕಲಾವಿದೆ.

ಸಾಬರು ಎದ್ದೇಬಿಟ್ಟರು. "ತೌಬಾ! ನಮ್ ಕೇರಿ ಬಾಯಲ್ಲಿ ಪೇಂಟ್ ಹೊಡ್ದಿದ್ದು ನಿಲ್ಸೋದಾ ಮೇಡಂ? ನಮ್ಮಪ್ಪ ಗೋರಿಯಿಂದ ಎದ್ ಬತ್ತಾರೆ. ಅರಗೇ ಆಗ್ಬೇಕು."

"ನಿಲ್ಲುತ್ತಾ ಸಾಬ್ರೇ?"

"ನಾನ್ ಮಾಡಿದ್ ತೊಟ್ಲು ಮೊಮ್ಮಕ್ಕಳ ಕಾಲಕ್ಕೂ ಹೊಳೀತಾ ಐತೆ. ಈ ಅಕ್ಕನ್ನೇ ಕೇಳಿ."

ಎಲ್ಲರೂ ನನ್ನ ಕಡೆ ತಿರುಗಿದರು.

ನನಗೆ ಗೊತ್ತಿತ್ತು. ನನ್ನ ಮೊಮ್ಮಗಳಿಗೆ ಸಾಬರು ಮಾಡಿಕೊಟ್ಟಿದ್ದ ಅರಗಿನ ತಳ್ಳುಗಾಡಿ ಒಂದು ಬೇಸಿಗೆ ಪೂರ್ತಿ ತಾರಸಿಯ ಮೇಲೆ ಉಳಿದುಬಿಟ್ಟಿತ್ತು. ಅರಿಶಿನದ ಬಣ್ಣ ಹಾರಿಹೋಗಿ, ಒಂದು ಮಳೆಗೆ ಮೈಯೆಲ್ಲ ತೊನ್ನು ಹತ್ತಿದ ಹಾಗೆ ಬೆಳ್ಳಗಾಗಿತ್ತು. ಒಲೆಗೆ ಹಾಕಿದೆ, ಯಾರಿಗೂ ಹೇಳಲಿಲ್ಲ. ಸಾಬರಿಗೆ ಅದು ಗೊತ್ತಿರಲಿಲ್ಲ. ಅವರ ಕೈಯಿಂದ ಹೋದ ಸಾಮಾನು ಅಂಗಡಿಗೆ ಹೋಗುತ್ತದೆ, ಅಲ್ಲಿಂದ ಯಾರದೋ ಮನೆಯೊಳಗೆ. ಬಿಸಿಲಲ್ಲಿ ಬಿದ್ದು ಹಳತಾದದ್ದನ್ನು ತಂದು ಅವರಿಗೆ ತೋರಿಸುವವರು ಯಾರು?

ಪೇಂಟ್ ಅಂದರೆ ಅರಗು ಬೇಡ. ಅರಗು ಬೇಡ ಅಂದರೆ ನಾನೂ ಬೇಡ. ಅಷ್ಟೇ ಯೋಚಿಸಿದ್ದು. ಸಾಬರ ಮರ್ಯಾದೆಗಾಗಿ ನಿಜ ಮುಚ್ಚಿಟ್ಟೆ ಅಂತ ಈಗ ಬರೆಯಬಹುದು, ಅದು ಸುಳ್ಳು.

"ನಿಲ್ತದೆ ಬುಡಿ" ಅಂದೆ.

ಆಮೇಲೆ ಎರಡು ತಿಂಗಳು ಕೇರಿಗೆ ಜೀವ ಬಂದಿತ್ತು. ಗಾಡಿ ಚಕ್ರದಷ್ಟು ಬಳೆಗಳನ್ನು ತುಂಡು ತುಂಡಾಗಿ ಕಡೆದು ಜೋಡಿಸಿದರು. ನನ್ನ ಬೆರಳ ತುದಿ ಬೆಂದು ಸಿಪ್ಪೆ ಎದ್ದಿತು. ಹಾಲಿನವನು ದಿನಾ ಬಂದು ನಿಂತು ಕೇಳುವನು, "ಸಾಬ್ರೇ, ಇದ್ಯಾವ್ ಮಗೀಗೆ ಇಷ್ಟ್ ದೊಡ್ಡ ಆಟದ್ ಸಾಮಾನು?"

"ಸರ್ಕಾರಕ್ಕೆ ಕಣ್ಲಾ. ಅದೂ ಒಸಿ ಆಡ್ಲಿ."

ಕಂಬ ನಿಲ್ಲಿಸಿದ ದಿನ ಸಾಬರು ಇಸ್ತ್ರಿ ಮಾಡಿದ ಜುಬ್ಬಾ ಹಾಕಿದ್ದರು. ಫೋಟೋ ತೆಗೆಯುವಾಗ ನನ್ನನ್ನೂ ಕರೆದು ಪಕ್ಕಕ್ಕೆ ನಿಲ್ಲಿಸಿಕೊಂಡರು.

ಹಳದಿ ಮೊದಲು ಹೋಯಿತು. ಬಿಸಿಲು ಬಲಿತಾಗ ಕೆಂಪು ಮೆತ್ತಗಾಗಿ ರಸ್ತೆಯ ಧೂಳನ್ನೆಲ್ಲ ಮೆತ್ತಿಕೊಂಡಿತು. ಸಾಬರು ಬೆಳಗಾದರೆ ಏಣಿ ಹಾಕಿ, ಕೇದಗೆ ಎಲೆ ಹಿಡಿದು ತಿಕ್ಕುವರು. "ಸ್ನೋ ಪೌಡ್ರು ಆಯ್ತಾ ಸಾಬ್ರೇ?" ಅನ್ನುವನು ಹಾಲಿನವನು. ಮೊದಮೊದಲು ಸಾಬರೂ ನಗುತ್ತಿದ್ದರು. ಮೊದಲ ಮಳೆಗೆ ಎಲ್ಲ ಬಳೆಯೂ ಬಿಳಿಚಿತು, ಮರ ಉಬ್ಬಿ ಬಾಯಿ ಬಿಟ್ಟಿತು. ಹಾಲಿನವನು ತಮಾಷೆ ನಿಲ್ಲಿಸಿದ. ಅವನು ನಿಲ್ಲಿಸಿದ್ದೇ ಸಾಬರಿಗೆ ಹೆಚ್ಚು ನೋವು ಕೊಟ್ಟಿತು ಅಂತ ಕಾಣುತ್ತದೆ, ಮಾರನೆಯ ದಿನದಿಂದ ಏಣಿ ಹೊರಗೆ ಬರಲಿಲ್ಲ.

ಯೋಜನೆಯವರು ಇಬ್ಬರು ಪೇಂಟರನ್ನು ಕಳಿಸಿದರು. ಗೇಟಿಗೆ ಬಳಿಯುವ ಪೇಂಟನ್ನು, ನೀಲಿ ಒಂದು ಗುಲಾಬಿ ಒಂದು, ಧೂಳಿನ ಮೇಲೆಯೇ ಬಳಿದು ಮಧ್ಯಾಹ್ನದೊಳಗೆ ಹೊರಟರು. ಸಾಬರು ಬಾಗಿಲಲ್ಲಿ ನಿಂತು ಪೂರ್ತಿ ನೋಡಿದರು. ಆಮೇಲೆ ನನ್ನ ಚಾಪೆಯ ಹತ್ತಿರ ಬಂದರು.

"ಅಕ್ಕಾ, ಹಿಂಗಾಯ್ತದೆ ಅಂತ ನಿಮ್ಗೆ ಗೊತ್ತಿತ್ತಾ?"

ಇಲ್ಲ ಅಂದಿದ್ದರೆ ನಂಬುತ್ತಿದ್ದರು.

"ಗೊತ್ತಿತ್ತು ಸಾಬ್ರೇ."

"ಮೇಡಂ ಕೇಳ್ದಾಗ?"

"ಆವಾಗ್ಲೂ ಗೊತ್ತಿತ್ತು."

ಅವರು ಒಳಗೆ ಹೋಗಿ ಯಂತ್ರ ಹಾಕಿದರು. ಕಡೆಯುವುದಕ್ಕೆ ಮರವೇ ಇರಲಿಲ್ಲ, ಬರೀ ಯಂತ್ರ ತಿರುಗುತ್ತಿತ್ತು.

ಈಗ ಅವರು ಮಸೀದಿಗೆ ಹಿಂದಿನ ಗಲ್ಲಿಯಿಂದ ಸುತ್ತಿಕೊಂಡು ಹೋಗುತ್ತಾರೆ. ಮಂಡಿ ನೋವಿದೆ, ಆದರೂ ಸುತ್ತುತ್ತಾರೆ. ಕಂಬದ ಬುಡದಲ್ಲಿ ಯಾರೋ ಮತ್ತೆ ಕಸ ಹಾಕಲು ಶುರು ಮಾಡಿದ್ದಾರೆ.

ಗೊತ್ತಿತ್ತಾ ಅಂತ ಸಾಬರು ಕೇಳಿದ ಮಾರನೆಯ ಬೆಳಿಗ್ಗೆ ನಾನು ಎಂದಿನಂತೆ ಹೋಗಿದ್ದೆ. ನನ್ನ ಚಾಪೆಯನ್ನು ಸುತ್ತಿ, ದಾರದಲ್ಲಿ ಕಟ್ಟಿ, ಬಾಗಿಲಿನ ಹೊರಗೆ ಗೋಡೆಗೆ ಒರಗಿಸಿಟ್ಟಿದ್ದರು. ಬಿಸಾಡಿರಲಿಲ್ಲ. ಒಳಗೆ ಅವರು ಕೆಮ್ಮಿದ್ದು ಕೇಳಿಸಿತು. ಕರೆಯುತ್ತಾರೇನೋ ಅಂತ ಸ್ವಲ್ಪ ಹೊತ್ತು ನಿಂತೆ. ಆಮೇಲೆ ಚಾಪೆ ಎತ್ತಿಕೊಂಡು ಮನೆಗೆ ಬಂದೆ.